ಸೋಮವಾರದ ಹಲಗೆ

ಶಿಕಾರಿಪುರದ ಶಿವಮೂರ್ತಪ್ಪನವರ ರೈಸ್ ಮಿಲ್ಲಿನ ಆಫೀಸಿಗೆ ದೀಪದ ಹಲಗೆ ಬಂದದ್ದು ತೊಂಬತ್ತಾರನೆಯ ಇಸವಿಯಲ್ಲಿ, ದೀಪಾವಳಿ ಕಳೆದ ಮೊದಲ ಸೋಮವಾರ. ಮಾಡಿದವನು ಗುಮಾಸ್ತ ಈಶ್ವರ್, ಮಾಡಿಸಿದವರು ಯಜಮಾನರು. ಇಬ್ಬರಿಗೂ ಅದರಿಂದ ಒಂದು ಕೂದಲೂ ಕೊಂಕಲಿಲ್ಲ. ಪೆಟ್ಟು ಬಿದ್ದದ್ದು ಆ ಹಲಗೆಯನ್ನು ಕಣ್ಣಿನಿಂದ ನೋಡಿಯೂ ಇರದ ಇನ್ನೊಬ್ಬನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಶ್ವರ್ ತಾಳಗುಂದದ ರೈತರ ಮನೆಯ ಹುಡುಗ. ಶಿಕಾರಿಪುರದಲ್ಲಿ ಬಿ.ಕಾಂ. ಮುಗಿಸಿ, ಶಿವಮೊಗ್ಗದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದಿದ್ದ. ಅವನನ್ನು ಮಿಲ್ಲಿಗೆ ಸೇರಿಸಿದವನು ಸೊರಬದ ಗೋಡೌನ್ ನೋಡಿಕೊಳ್ಳುತ್ತಿದ್ದ ಹನುಮಂತಪ್ಪ. ಹಿಂದೆಲ್ಲ ತಾಳಗುಂದಕ್ಕೆ ಭತ್ತದ ವ್ಯಾಪಾರಕ್ಕೆ ಬಂದಾಗ ಈಶ್ವರನ ಮನೆಯ ಜಗಲಿಯಲ್ಲೇ ಕೂತು ಮಜ್ಜಿಗೆ ಕುಡಿಯುತ್ತಿದ್ದ ಮನುಷ್ಯ. ಹುಡುಗ ಓದಿ ಖಾಲಿ ಕೂತಿದ್ದಾನೆಂದು ತಿಳಿದ ದಿನವೇ ಬಸ್ಸು ಹತ್ತಿಸಿ ಕರೆತಂದು ಯಜಮಾನರ ಮುಂದೆ ನಿಲ್ಲಿಸಿ, "ಇವ್ನ ಕೈ ಬಿಡಬ್ಯಾಡಿ ಸಾವ್ಕಾರ್ರೇ" ಎಂದಿದ್ದ. ಆ ಮಾತಿಗೆ ಈಶ್ವರನಿಗೆ ನೌಕರಿ ಸಿಕ್ಕಿತು. ಸಿಕ್ಕ ನೌಕರಿಯಲ್ಲಿ ಅವನು ಏನು ಮಾಡಿದ ಎನ್ನುವುದೇ ಈ ಕತೆ.

ಮಿಲ್ಲಿಗೆ ಆ ವರ್ಷ ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಕೋಣೆ, ಕೋಣೆಗೊಂದು ಪರದೆ, ಒಳಗೆ ಹೋಗುವವರು ಚಪ್ಪಲಿ ಬಿಟ್ಟು ಹೋಗಬೇಕು, ಬೆಳಿಗ್ಗೆ ಊದಿನಕಡ್ಡಿ. ಈಶ್ವರ್ ಅದರಲ್ಲಿ ನಾಲ್ಕೂ ಗೋಡೌನುಗಳ ಲೆಕ್ಕ ತುಂಬಿ, ಪ್ರಿಂಟರಿನಿಂದ ಕಿರ್ರೆಂದು ಉದ್ದನೆಯ ಕಾಗದ ಹೊರಡಿಸಿ ಯಜಮಾನರ ಮೇಜಿನ ಮೇಲೆ ಇಡುತ್ತಿದ್ದ. ಶಿವಮೂರ್ತಪ್ಪನವರು ಅದನ್ನು ಸೀರೆ ಹಿಡಿದು ನೋಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ನೋಡಿ, "ಇದ್ರಾಗ ನನ್ನ ಭತ್ತ ಎಲ್ಲೈತಪ್ಪ?" ಎಂದು ಕೇಳುತ್ತಿದ್ದರು. ಅರವತ್ತು ದಾಟಿದ ಅವರಿಗೆ ಅಂಕಿಗಳ ಸಾಲು ಕಂಡರೆ ಆಕಳಿಕೆ ಬರುತ್ತಿತ್ತು. ಒಂದೇ ನೋಟಕ್ಕೆ ಎಲ್ಲ ಕಾಣುವಂಥದ್ದು ಏನಾದರೂ ಮಾಡು ಎಂದರು.

ಈಶ್ವರ್ ನಾಲ್ಕು ದಿನ ಯೋಚಿಸಿದ. ಗಣಪತಿ ಹಬ್ಬಕ್ಕೆ ಸೀರಿಯಲ್ ಸೆಟ್ ಕಟ್ಟುವ ಸದಾಶಿವಪ್ಪನನ್ನು ಕರೆಸಿ ಪ್ಲೈವುಡ್ಡಿನ ಹಲಗೆಯೊಂದನ್ನು ಮಾಡಿಸಿದ. ಮೇಲಿಂದ ಕೆಳಗೆ ಶಿಕಾರಿಪುರ, ಶಿರಾಳಕೊಪ್ಪ, ತಾಳಗುಂದ, ಸೊರಬ ಎಂದು ಬಿಳಿ ಬಣ್ಣದಲ್ಲಿ ಬರೆಸಿದ. ಒಂದೊಂದು ಹೆಸರಿನ ಮುಂದೆ ಹಸಿರು, ಹಳದಿ, ಕೆಂಪು ಎಂದು ಮೂರು ಪುಟ್ಟ ಬಲ್ಬು, ಕೆಳಗೆ ಸ್ವಿಚ್ಚುಗಳು. ಮಧ್ಯಾಹ್ನ ಹನ್ನೆರಡರ ಒಳಗೆ ಗೋಡೌನಿಗೆ ಐವತ್ತು ಚೀಲ ಭತ್ತ ಬಂದರೆ ಹಸಿರು, ಅದಕ್ಕಿಂತ ಕಡಿಮೆಯಾದರೆ ಹಳದಿ, ಇಪ್ಪತ್ತೂ ಮುಟ್ಟದಿದ್ದರೆ ಕೆಂಪು. ಗೋಡೌನಿನವರು ಫೋನಿನಲ್ಲಿ ಹೇಳಬೇಕು, ಈಶ್ವರ್ ಸ್ವಿಚ್ ಹಾಕಬೇಕು.

ಅವನು ಮೊದಲು ವಾರದ ಒಟ್ಟು ಲೆಕ್ಕವನ್ನು ತೋರಿಸೋಣ ಎಂದಿದ್ದ. ಯಜಮಾನರು ಒಪ್ಪಲಿಲ್ಲ.

"ವಾರದ್ದು ಯಾಕಪ್ಪ? ತಂಗಳನ್ನ ಯಾರಿಗೆ ಬೇಕಾಗೈತಿ. ಇವತ್ತಿಂದು ಇವತ್ತೇ ಕಾಣ್ಬೇಕು."

"ಹಂಗಾರೆ ದಿನಾ ಹಾಕ್ತೀನಿ ಯಜಮಾನ್ರೇ."

"ದಿನಾ ನಾನೆಲ್ಲಿ ಇರ್ತೀನಿ? ದಾವಣಗೆರೆ, ಹಾವೇರಿ ಅಂತ ತಿರುಗ್ತಿರ್ತೀನಿ. ಸೋಮವಾರ ಹಾಕು. ಸೋಮವಾರ ನಾನು ಊರು ಬಿಟ್ಟು ಕದಲೋದಿಲ್ಲ, ನಿನಗೂ ಗೊತ್ತೈತಲ್ಲ."

ಗೊತ್ತಿತ್ತು. ಸೋಮವಾರ ಅವರಿಗೆ ಶಿವನ ದಿನ. ಬೆಳಿಗ್ಗೆ ದೀರ್ಘವಾಗಿ ಲಿಂಗಪೂಜೆ, ಒಂದೇ ಹೊತ್ತು ಊಟ, ಪ್ರಯಾಣವಿಲ್ಲ, ಹೊಸ ಜಗಳವಿಲ್ಲ. ಪೂಜೆ ಮುಗಿಸಿ ವಿಭೂತಿ ಒಣಗುವ ಮೊದಲೇ ಆಫೀಸಿಗೆ ಬಂದು ಕೂರುತ್ತಿದ್ದರು. ಈಶ್ವರ್ ಹೂಂ ಎಂದ. ಯಜಮಾನರು ಬೇಡ ಎಂದದ್ದನ್ನು ಎರಡನೆಯ ಸಲ ಹೇಳುವುದು ಅವನಿಗೆ ಕೊನೆಯವರೆಗೂ ಬರಲಿಲ್ಲ.

ಹಲಗೆ ಗೋಡೆಗೆ ಏರಿದ ದಿನ ಕಾಯಿ ಒಡೆದರು, ಮಂಡಕ್ಕಿ ಹಂಚಿದರು. ಈಶ್ವರ್ ಅಂದು ಯಜಮಾನರಿಗೆ ಬಲು ಹೆಮ್ಮೆಯಿಂದ ಒಂದು ಬುದ್ಧಿಮಾತು ಹೇಳಿದ. ಶಿವಮೊಗ್ಗದ ಮೇಷ್ಟ್ರು ಹೇಳಿಕೊಟ್ಟದ್ದಕ್ಕೆ ತನ್ನದೂ ಸ್ವಲ್ಪ ಸೇರಿಸಿ ಹೇಳಿದ. "ಎಲ್ರಿಗೂ ಒಂದೇ ಅಳತೆ ಯಜಮಾನ್ರೇ. ಕೆಂಪು ಹತ್ತಿದವರು ಬಂದು ನೂರೆಂಟು ನೆಪ ಹೇಳ್ತಾರೆ. ನೆಪ ಕೇಳಬ್ಯಾಡ್ರಿ. ದೀಪ ನೋಡ್ರಿ."

ಶಿವಮೂರ್ತಪ್ಪನವರು ಆ ಮಾತನ್ನು ಗಂಟು ಹಾಕಿ ಇಟ್ಟುಕೊಂಡರು.

ಅಂದಿನಿಂದ ಅವರ ಜೀಪಿಗೂ ವಿಶ್ರಾಂತಿ ಸಿಕ್ಕಿತು. ಹಿಂದೆ ವಾರಕ್ಕೊಮ್ಮೆಯಾದರೂ ನಾಲ್ಕೂ ಗೋಡೌನು ಸುತ್ತಿ, ಚೀಲದೊಳಗೆ ಕೈ ಹಾಕಿ, ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿದು ನೋಡಿ ಬರುತ್ತಿದ್ದರು. ಈಗ ಕುರ್ಚಿಯಲ್ಲಿ ಕೂತರೆ ನಾಲ್ಕು ಊರು ಎದುರಿಗೆ ಬಂದು ನಿಲ್ಲುತ್ತವೆ, ಮತ್ತೇಕೆ ಬೆನ್ನು ನೋಯಿಸಿಕೊಳ್ಳಬೇಕು. ಸೊರಬದ ಭತ್ತ, ತಾಳಗುಂದದ ಭತ್ತ ಒಂದೇ ಲಾರಿಯಲ್ಲಿ ಬಂದು ಮಿಲ್ಲಿನ ಅಂಗಳದಲ್ಲಿ ಒಂದಾಗುತ್ತಿತ್ತು. ಯಾವುದು ಎಲ್ಲಿಯದೆಂದು ನೆಲಕ್ಕೆ ಬಿದ್ದ ಮೇಲೆ ಯಾರೂ ಕೇಳುತ್ತಿರಲಿಲ್ಲ.

ಮೊದಲ ಸೋಮವಾರ ಮೂರು ಊರು ಹಸಿರು, ಸೊರಬ ಕೆಂಪು. ಎರಡನೆಯ ಸೋಮವಾರವೂ ಅದೇ. ಮೂರನೆಯ ಸೋಮವಾರ ಶಿರಾಳಕೊಪ್ಪ ಹಳದಿಗೆ ಇಳಿಯಿತು, ಸೊರಬ ಕೆಂಪು ಬಿಟ್ಟು ಕದಲಲಿಲ್ಲ. ಈಶ್ವರ್ ಫೋನ್ ಮಾಡಿದಾಗಲೆಲ್ಲ ಹನುಮಂತಪ್ಪ ಅದೇ ಸಮಾಧಾನದ ದನಿಯಲ್ಲಿ ಹೇಳುತ್ತಿದ್ದ. "ಇವತ್ತು ಏನೂ ಇಲ್ಲ ಕಣಪ್ಪ. ನಾಳೆ ಬತ್ತವೆ."

ನಾಳೆ ಬರುವುದನ್ನು ತೋರಿಸಲು ಹಲಗೆಯಲ್ಲಿ ಬಲ್ಬಿರಲಿಲ್ಲ. ಈಶ್ವರನಿಗೆ ಬೇಸರವಾಗುತ್ತಿತ್ತು. ವಯಸ್ಸಾಯಿತು, ಹಳೆಯ ಕಾಲದ ಮನುಷ್ಯ, ರೈತರ ಬೆನ್ನು ಹತ್ತುವುದಿಲ್ಲ, ಕೂತಲ್ಲಿಗೇ ಬರಲಿ ಅನ್ನುತ್ತಾನೆ ಎಂದು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡು, ನಿಟ್ಟುಸಿರು ಬಿಟ್ಟು ಕೆಂಪು ಸ್ವಿಚ್ಚು ಹಾಕುತ್ತಿದ್ದ. ಯಾಕೆ ಇಲ್ಲ ಎಂದು ಒಂದು ಸಲವಾದರೂ ಕೇಳಲಿಲ್ಲ. ಕೇಳಿದರೆ ನೆಪ ಕೇಳಿದಂತಾಗುತ್ತಿತ್ತಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಶಿವಮೂರ್ತಪ್ಪನವರು ಹಲಗೆಯನ್ನೇ ನೋಡುತ್ತ, "ಸೊರಬದ ಗೋಡೌನ್ ಮುಚ್ಚಿಬಿಡಾಣ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಹಾಳಾದ ಹಲ್ಲು ಕೀಳಿಸಿಬಿಡೋಣ ಎನ್ನುವ ಹಾಗೆ ಹೇಳಿದರು. "ಹನುಮಂತಪ್ಪ ಮುವ್ವತ್ತು ವರ್ಷ ದುಡಿದಾನ, ಇಲ್ಲ ಅನ್ನೋದಿಲ್ಲ. ಆದ್ರ ಮಾರುಕಟ್ಟೆಗೆ ಮುಖ ನೋಡಾಕ ಬರೋದಿಲ್ಲ. ನಾಳೆ ನೀನೇ ಹೋಗು. ನಿನ್ನ ಬಾಯಿಂದ ಕೇಳಿದ್ರ ಅಷ್ಟು ನೋವಾಗಾಕಿಲ್ಲ."

ಮರುದಿನ ಈಶ್ವರ್ ಸೊರಬದ ಬಸ್ಸು ಹತ್ತಿದ. ಹೇಗೆ ಬಾಯಿ ಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ, ಒಂದೂ ಸರಿಯಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಗೋಡೌನಿನ ರಸ್ತೆಗೆ ತಿರುಗಿದವನು ಅಲ್ಲೇ ನಿಂತುಬಿಟ್ಟ. ರಸ್ತೆಯ ಎಡಬದಿಗೆ ಗೋಡೌನಿನ ಬಾಗಿಲಿನಿಂದ ಹಿಡಿದು ತಿರುವಿನವರೆಗೂ ಎತ್ತಿನ ಗಾಡಿಗಳು. ಎಲ್ಲ ಗಾಡಿಗಳಲ್ಲೂ ಭತ್ತದ ಚೀಲ. ಹಮಾಲರು ಬೆವರು ಒರೆಸಿಕೊಳ್ಳಲು ಬಿಡುವಿಲ್ಲದೆ ಓಡಾಡುತ್ತಿದ್ದರು. ತೂಕದ ಕಾಟಾದ ಪಕ್ಕದಲ್ಲಿ ಹನುಮಂತಪ್ಪ ತಲೆಗೆ ಟವೆಲು ಸುತ್ತಿಕೊಂಡು ಕೂಗುತ್ತಿದ್ದ. ಈಶ್ವರನನ್ನು ಕಂಡವನೇ ಮುಖ ಅರಳಿಸಿ, "ಬಾ ತಮ್ಮ, ಒಳಗೆ ನಡಿ, ನಿಮ್ಮತ್ತಿಗೆ ಶೇಷಿ ರೊಟ್ಟಿ ಸುಡ್ತಾ ಅವಳೆ" ಎಂದ.

"ಏನಣ್ಣ ಇವತ್ತು ಇಷ್ಟೊಂದು? ಏನು ವಿಶೇಷ?"

"ವಿಶೇಷ ಎಂತದು? ನಿನ್ನೆ ಸೋಮವಾರ ಅಲ್ವಾ. ಎತ್ತು ಹೂಡದಿಲ್ಲ. ಹಂಗಾಗಿ ಮಂಗಳವಾರ ಎರಡು ದಿನದ್ದು ಒಟ್ಟಿಗೇ ಬತ್ತದೆ. ಇದು ಮೊದ್ಲಿಂದ್ಲೂ ಹಂಗೇ ಮಾರಾಯ."

ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡಬಾರದು. ಈ ಸೀಮೆಯಲ್ಲಿ ಅದನ್ನು ಯಾರಿಗೂ ಯಾರೂ ಹೇಳಿಕೊಡುವುದಿಲ್ಲ. ಹುಟ್ಟಿದ ಮಗುವಿಗೂ ಗೊತ್ತಿರುತ್ತದೆ. ಈಶ್ವರನಿಗೂ ಗೊತ್ತಿತ್ತು. ಚಿಕ್ಕವನಿದ್ದಾಗ ಸೋಮವಾರ ಎತ್ತುಗಳ ಮೈ ತೊಳೆದು ಕೊಂಬಿನ ನಡುವೆ ವಿಭೂತಿ ಹಚ್ಚುವುದು ಅವನದೇ ಕೆಲಸ. ಆದರೆ ಮೂರು ವರ್ಷದ ಹಿಂದೆ ಅಪ್ಪ ಎತ್ತು ಮಾರಿದ್ದರು. ತಾಳಗುಂದದಲ್ಲಿ ಈಗ ಉಳುವುದಕ್ಕೂ ಹೇರುವುದಕ್ಕೂ ಟ್ರಾಕ್ಟರು. ಟ್ರಾಕ್ಟರಿಗೆ ಸೋಮವಾರವಿಲ್ಲ, ಅಮಾವಾಸ್ಯೆಯೂ ಇಲ್ಲ. ಎತ್ತು ಹಟ್ಟಿಯಿಂದ ಹೋದ ಹಾಗೆಯೇ ಸೋಮವಾರವೂ ಅವನ ತಲೆಯಿಂದ ಸದ್ದಿಲ್ಲದೆ ಹೋಗಿತ್ತು.

"ಅಣ್ಣ, ಸೋಮವಾರ ಫೋನ್ ಮಾಡಿದಾಗ ಈ ಮಾತು ಒಂದು ಸಲನಾದ್ರೂ ಹೇಳಬಾರದಿತ್ತಾ?"

ಹನುಮಂತಪ್ಪ ಅವನನ್ನು ವಿಚಿತ್ರವಾಗಿ ನೋಡಿದ. "ಸೋಮವಾರ ಎತ್ತು ಹೂಡದಿಲ್ಲ ಅಂತ ತಾಳಗುಂದದವ್ರಿಗೆ ನಾನು ಹೇಳದಾ?"

ಹೇಳಲು ಬಂದಿದ್ದ ಮಾತನ್ನು ಈಶ್ವರ್ ರೊಟ್ಟಿಯ ಜೊತೆ ನುಂಗಿಕೊಂಡು ಮುಂದಿನ ಬಸ್ಸಿಗೇ ವಾಪಸಾದ. ಇದನ್ನು ಸರಿ ಮಾಡುವುದು ಎಷ್ಟರ ಮಾತು ಎಂದೇ ಅವನ ಎಣಿಕೆ. ತಪ್ಪು ತಿಳಿಯಿತು, ಹೇಳಿದರೆ ಮುಗಿಯಿತು. ಕೋಣೆಯೊಳಗೆ ಕೂತು, ತಾನೇ ತುಂಬಿಯೂ ಕೂಡಿಸಿ ನೋಡಿರದ ಲೆಕ್ಕ ತೆಗೆದು, ಹಲಗೆ ಬಂದಂದಿನಿಂದ ನಾಲ್ಕೂ ಗೋಡೌನಿಗೆ ಬಂದ ಭತ್ತವನ್ನು ವಾರವಾರಕ್ಕೆ ಕೂಡಿಸಿ ಕಂಪ್ಯೂಟರಿನಲ್ಲಿ ಕಂಬಗಳ ಚಿತ್ರ ಬರೆದ. ಸೊರಬದ ಕಂಬ ಉಳಿದ ಮೂರಕ್ಕಿಂತ ಎತ್ತರವಾಗಿ ಎದ್ದು ನಿಂತಿತು. ಓಡಿಹೋಗಿ ಯಜಮಾನರನ್ನು ಕರೆತಂದ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು.

ಕಪ್ಪು ಗಾಜಿನ ಮುಂದೆ ನಿಂತು ಈಶ್ವರ್ ಬಾಯಲ್ಲೇ ಎಲ್ಲ ಹೇಳಿದ. ಶಿವಮೂರ್ತಪ್ಪನವರು ತಾಳ್ಮೆಯಿಂದ ಕೇಳಿದರು.

"ಸೋಮವಾರ ಎತ್ತು ಹೂಡೋದಿಲ್ಲ. ಹೌದು. ನನಗ ಹೇಳ್ಕೊಡ್ತೀಯೇನು? ಆದ್ರ ಸೋಮವಾರ ಶಿರಾಳಕೊಪ್ಪಕ್ಕೂ ಐತಿ, ತಾಳಗುಂದಕ್ಕೂ ಐತಿ. ಅಲ್ಲೆಲ್ಲ ಹಸಿರು ಹತ್ತತೈತಿ."

"ಅಲ್ಲಿ ಟ್ರಾಕ್ಟರ್ ಬರ್ತಾವ್ರಿ. ಸೊರಬದ ಕಡೆ ಇನ್ನೂ ಗಾಡಿ."

"ಹಂಗಾರ ಹನುಮಂತಪ್ಪ ಒಂದು ಟ್ರಾಕ್ಟರ್ ಗೊತ್ತು ಮಾಡ್ಬೇಕಿತ್ತು. ಉಳಿದೋರು ಮಾಡ್ಯಾರಲ್ಲ."

"ಹಲಗೆಯ ದಿನಾನೇ ಬದಲಿ ಮಾಡಾಣ್ರಿ. ಇಲ್ಲ ವಾರದ ಲೆಕ್ಕ ಹಾಕಾಣ."

ಯಜಮಾನರು ನಕ್ಕರು. "ಓಡಾಕ ಆಗದ ಹುಡುಗನಿಗೆ ಗೆರೆ ಹತ್ರ ಎಳದಂಗಾತು. ಎಲ್ರಿಗೂ ಒಂದೇ ಅಳತೆ ಅಂದವ ನೀನೇ. ನೆಪ ಕೇಳಬ್ಯಾಡ್ರಿ ಅಂದವನೂ ನೀನೇ. ಈಗ ನೀನೇ ನೆಪ ತಂದೀಯಲ್ಲ ಈಶ್ವರ."

ನೀವೂ ಸೋಮವಾರ ಕದಲುವುದಿಲ್ಲವಲ್ಲ ಯಜಮಾನರೇ, ಅಂದು ಹಲಗೆ ನಿಮಗಿಟ್ಟರೆ ನಿಮ್ಮದೂ ಕೆಂಪೇ ಹತ್ತುತ್ತದೆ ಎಂಬ ಮಾತು ಈಶ್ವರನ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ನಿಂತಿತು. ಶಿವಮೂರ್ತಪ್ಪನವರು ಕೆಟ್ಟವರಲ್ಲ. ಅವನ ಮುಖ ನೋಡಿ ಸ್ವಲ್ಪ ಮರುಗಿದರು. "ಆಗ್ಲಿ. ಶಿವರಾತ್ರಿ ತನಕ ನೋಡಾಣ. ಅಷ್ಟರಾಗ ಸೊರಬದ ದೀಪ ಹಸಿರಾದ್ರ ಗೋಡೌನ್ ಇರ್ಲಿ" ಎಂದು ಹೇಳಿ ಹೊರಟರು.

ಇಲ್ಲಿಗೆ ಈಶ್ವರ್ ಸುಮ್ಮನಿದ್ದಿದ್ದರೆ ಸೊರಬದ ಗೋಡೌನು ಮಾತ್ರ ಹೋಗುತ್ತಿತ್ತು. ಆದರೆ ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಕೆಲವರ ಹಣೆಯಲ್ಲೇ ಬರೆದಿರುತ್ತದೆ.

ಅವನು ಮತ್ತೆ ಸೊರಬಕ್ಕೆ ಹೋಗಿ ಹನುಮಂತಪ್ಪನನ್ನು ಗೋಡೌನಿನ ಹಿಂದಕ್ಕೆ ಕರೆದು ಎಲ್ಲವನ್ನೂ ಹೇಳಿದ. ತನ್ನ ಊರಿನ ಹೆಸರಿನ ಮುಂದೆ ತಿಂಗಳಾನುಗಟ್ಟಲೆ ಕೆಂಪು ಬಲ್ಬು ಉರಿಯುತ್ತಿತ್ತೆಂದು ಹನುಮಂತಪ್ಪನಿಗೆ ತಿಳಿದದ್ದೇ ಆಗ.

"ಈಗ ಏನು ಮಾಡದು?"

"ಭಾನುವಾರ ಬಂದ ಚೀಲಾನ ಸೋಮವಾರ ಬಂತು ಅಂತ ಫೋನಿನಾಗೆ ಹೇಳ್ರಿ ಅಣ್ಣ. ಅಷ್ಟೇ."

"ಅದು ಸುಳ್ಳಾಗದಿಲ್ವಾ?"

"ಎಂಥ ಸುಳ್ಳು? ಅದೇ ಭತ್ತ, ಅದೇ ಚೀಲ, ಅದೇ ತೂಕ. ದಿನ ಒಂದು ಆಚೆ ಈಚೆ. ಗಾಡಿ ಕಾಣದ ಹಲಗೆಗೆ ಅಷ್ಟು ಹೇಳಿದ್ರೆ ಪಾಪ ಬರಲ್ಲ."

ಹನುಮಂತಪ್ಪ ಟವೆಲಿನ ತುದಿಯನ್ನು ತಿರುವುತ್ತ ನಿಂತ. ಮೂವತ್ತು ವರ್ಷದಲ್ಲಿ ಒಂದು ಚೀಲವನ್ನೂ ಹಿಂದೆ ಮುಂದೆ ಮಾಡಿದವನಲ್ಲ. ಕೊನೆಗೆ, "ಓದಿದೋನು ನೀನು. ನೀನು ಹೇಳಿದ್ಮೇಲೆ ಆತು" ಎಂದ. ಒಪ್ಪಿದ್ದು ಗೋಡೌನಿನ ಆಸೆಗೋ, ಈ ಹುಡುಗನ ಮೇಲಿನ ನಂಬಿಕೆಗೋ. ನನ್ನನ್ನು ಕೇಳಿದರೆ ಎರಡನೆಯದೇ.

ಮುಂದಿನ ಸೋಮವಾರ ಸೊರಬಕ್ಕೆ ಹಳದಿ ಹತ್ತಿತು. ಒಮ್ಮೆಲೇ ಹಸಿರು ಬೇಡ, ಮೆಲ್ಲಗೆ ಏರಲಿ ಎಂದು ಈಶ್ವರನೇ ಹೇಳಿಕೊಟ್ಟಿದ್ದ. ಯಜಮಾನರು ಹುಬ್ಬೇರಿಸಿ ಮುಗುಳ್ನಕ್ಕರು. ಅದರ ಮುಂದಿನ ಸೋಮವಾರ ಸೊರಬದ ಹಸಿರು ಬಲ್ಬು ಮೊದಲ ಸಲ ಹತ್ತಿತು. ಮೂರು ತಿಂಗಳಿನಿಂದ ಉರಿಯದೆ ಇದ್ದುದರಿಂದ ಉಳಿದ ಮೂರಕ್ಕಿಂತ ಹೆಚ್ಚೇ ಹೊಳೆಯುತ್ತಿತ್ತು. ಹಲಗೆ ಪೂರ್ತಿ ಹಸಿರು.

ಶಿವಮೂರ್ತಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ನೋಡ್ದೇನು? ಹೆದರಿಕೆ ಇದ್ರ ಮುದುಕ್ರೂ ಓಡ್ತಾರ" ಎಂದು ಮೇಜು ತಟ್ಟಿದರು. ಆಮೇಲೆ ಹೊಳೆದಂತೆ, "ಇವತ್ತು ನಾನೇ ಹೋಗಿ ಹನುಮಂತಪ್ಪಗ ಶಾಲು ಹೊದಿಸಿ ಬರ್ತೀನಿ. ಜೀಪ್ ತೆಗೀರಿ" ಎಂದರು.

ಈಶ್ವರ್ ಬಾಗಿಲಿಗೆ ಅಡ್ಡ ಬಂದ. "ಯಜಮಾನ್ರೇ, ಇವತ್ತು ಸೋಮವಾರ. ನೀವು ಊರು ದಾಟೋದಿಲ್ವಲ್ರಿ."

"ಸಂತೋಷಕ್ಕ ಹೋಗೋದು ಪ್ರಯಾಣ ಅಲ್ಲಪ್ಪ. ಶಿವ ಏನೂ ಅನ್ಕಳಂಗಿಲ್ಲ."

ಜೀಪು ಗೇಟು ದಾಟಿದ್ದೇ ತಡ ಈಶ್ವರ್ ಫೋನಿಗೆ ಬಿದ್ದ. ಸೊರಬದ ನಂಬರು ತಿರುಗಿಸಿದರೆ ಒಂದು ಹೆಣ್ಣುದನಿ, ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಎಂದಿತು. ಸ್ವಲ್ಪ ಸಮಯದ ನಂತರ ಪ್ರಯತ್ನಿಸಿದ. ಅದೇ ದನಿ, ಅದೇ ವಿನಯ. ಎಕ್ಸ್‌ಚೇಂಜಿಗೆ ಮಾಡಿ ಬೇಡಿಕೊಂಡ. ಅವರು ನೋಡೋಣ ಎಂದು ಇಟ್ಟರು. ಬೆರಳು ನೋಯುವವರೆಗೂ ತಿರುಗಿಸಿದ. ಜೀಪು ಶಿರಾಳಕೊಪ್ಪ ದಾಟಿರಬಹುದು, ಈಗ ಆನವಟ್ಟಿ ಕಡೆಯ ಕೂಡುರಸ್ತೆಯಲ್ಲಿರಬಹುದು, ಈಗ ಸೊರಬದ ಬಸ್‌ಸ್ಟ್ಯಾಂಡ್ ಹತ್ತಿರ ತಿರುಗುತ್ತಿರಬಹುದು ಎಂದು ಮನಸ್ಸು ಜೀಪಿನ ಹಿಂದೆಯೇ ಓಡಿತು. ಗೋಡೆಯ ಮೇಲೆ ನಾಲ್ಕು ಹಸಿರು ದೀಪ ಉರಿಯುತ್ತಲೇ ಇದ್ದವು. ಕೈ ಚಾಚಿದರೆ ಆರಿಸಬಹುದಿತ್ತು, ಆದರೆ ಅದರಿಂದ ಏನೂ ನಿಲ್ಲುವಂತಿರಲಿಲ್ಲ.

ಸೊರಬದಲ್ಲಿ ನಡೆದದ್ದನ್ನು ಅವನಿಗೆ ಆಮೇಲೆ ಹೇಳಿದವನು ಜೀಪಿನ ಡ್ರೈವರ್ ರಾಜಪ್ಪ. ಯಜಮಾನರು ಶಾಲಿನ ಪೊಟ್ಟಣ ಹಿಡಿದುಕೊಂಡು ಇಳಿದಾಗ ಗೋಡೌನಿನ ಅಂಗಳದಲ್ಲಿ ಒಂದು ಗಾಡಿಯೂ ಇರಲಿಲ್ಲ. ಹನುಮಂತಪ್ಪನ ಹೆಂಡತಿ ಶೇಷಮ್ಮ ತೂಕದ ಕಾಟಾದ ಪಕ್ಕದಲ್ಲೇ ಚಾಪೆ ಹಾಸಿ ಹಪ್ಪಳ ಒಣಗಿಸಿದ್ದಳು. ಹಮಾಲರು ಎಲೆ ಅಡಿಕೆ ಹಾಕಿಕೊಂಡು ನೆಲದ ಮೇಲೆ ಮನೆ ಗೀಚಿ ಹುಲಿಕಟ್ಟಿನಾಟ ಆಡುತ್ತಿದ್ದರು. ಹನುಮಂತಪ್ಪ ಗೋಡೆಗೆ ಒರಗಿ ತೂಕಡಿಸುತ್ತಿದ್ದವನು ಗಡಬಡಿಸಿ ಎದ್ದ.

"ಇವತ್ತಿನ ಭತ್ತ ಎಲ್ಲೈತಿ ಹನುಮಂತಪ್ಪ?"

ಫೋನಿನಲ್ಲಿ ಹೇಗೋ ಹೇಳಿದ್ದನ್ನು ಮುಖ ನೋಡಿ ಹೇಳಲು ಅವನಿಗೆ ಆಗಲಿಲ್ಲ. "ಇವತ್ತು ಬಂದಿಲ್ಲ ಸಾವ್ಕಾರ್ರೇ. ಅದು ನಿನ್ನೇದು" ಎಂದು ತಲೆ ತಗ್ಗಿಸಿದ. ಯಾರು ಹೇಳಿಕೊಟ್ಟರು ಎಂದು ಯಜಮಾನರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಶಾಲಿನ ಪೊಟ್ಟಣ ಜೀಪಿನಲ್ಲೇ ವಾಪಸು ಬಂತು.

ಈಶ್ವರ್ ಗೇಟಿನಲ್ಲೇ ಕಾದಿದ್ದ. ಯಜಮಾನರು ಇಳಿಯುತ್ತಿದ್ದಂತೆ, "ತಪ್ಪು ನಂದು ಯಜಮಾನ್ರೇ. ನಾನೇ ಹೇಳಿಕೊಟ್ಟಿದ್ದು. ಅವ್ರು ಬ್ಯಾಡ ಅಂದಿದ್ರು" ಎಂದು ಒಂದೇ ಉಸಿರಿಗೆ ಹೇಳಿದ.

ಶಿವಮೂರ್ತಪ್ಪನವರು ಅವನ ಭುಜದ ಮೇಲೆ ಕೈ ಇಟ್ಟರು. "ನೀನು ಹಿಂಗ ಹೇಳ್ತೀ ಅಂತ ದಾರ್ಯಾಗ ಬರೋವಾಗ್ಲೇ ಅನ್ಕಂಡೆ. ನಿನ್ನ ಕೈ ಹಿಡಿದು ಇಲ್ಲಿಗೆ ತಂದೋನು ಅವ. ಋಣ ಇರ್ಬೇಕು, ಒಳ್ಳೇದೇ. ಆದ್ರ ಅದನ್ನ ಸುಳ್ಳು ಹೇಳಿ ತೀರಸ್ಬ್ಯಾಡ."

"ಸುಳ್ಳಲ್ರಿ. ದೇವ್ರಾಣೆ ನಾನೇ."

"ಸಾಕು ಬಿಡು. ಹಲಗಿ ಮಾಡ್ದವನೇ ಹಲಗಿಗೆ ಮೋಸ ಮಾಡ್ತಾನೇನು?"

"ಹಂಗಾರೆ ನನ್ನನ್ನೂ ಕೆಲಸದಿಂದ ತೆಗೀರಿ."

"ನಿನ್ನ ತೆಗೆದ್ರ ದೀಪ ಹಚ್ಚೋರು ಯಾರು?" ಎಂದು ಅವರು ಒಳಗೆ ನಡೆದರು. ಬಾಗಿಲಿನಲ್ಲಿ ತಿರುಗಿ, "ನಾಳೆ ಹೋಗಿ ಬೀಗದಕೈ ಇಸ್ಕಂಡು ಬಾ. ಗೋಡೌನ್ ಹೋದ್ರೂ ಅವನ್ನ ಮಿಲ್ಲಿನಾಗ ಎಲ್ಲಾದ್ರೂ ಇಟ್ಕಳಾಣ ಅಂತಿದ್ದೆ. ಸುಳ್ಳು ಲೆಕ್ಕ ಹೇಳೋನ್ನ ಹೆಂಗ ಇಟ್ಕಳ್ಳಿ?" ಎಂದರು. ಅವರ ದನಿಯಲ್ಲಿ ನಿಜವಾದ ದುಃಖವಿತ್ತು. ಈಶ್ವರನಿಗೆ ಅದನ್ನು ಕೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಮಂಗಳವಾರ ಅವನು ಸೊರಬಕ್ಕೆ ಹೋದ. ಗೋಡೌನಿನ ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು. ಹನುಮಂತಪ್ಪ ತಾವು ವಾಸವಿದ್ದ ಹಿಂದಿನ ಕೋಣೆಯ ಸಾಮಾನನ್ನೆಲ್ಲ ಕಟ್ಟಿ ಜಗಲಿಯ ಮೇಲೆ ಇಟ್ಟಿದ್ದ. ಶೇಷಮ್ಮ ಕಟ್ಟಿದ ಗಂಟು ಬಿಚ್ಚಿ ತಟ್ಟೆ ತೆಗೆದು, ಎರಡು ರೊಟ್ಟಿ ಹಾಕಿ ಅವನ ಮುಂದಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು ಎಂದುಕೊಂಡ.

"ನಿನ್ನ ಹೆಸರು ಎತ್ತಲಿಲ್ಲ ಕಣಪ್ಪ" ಎಂದ ಹನುಮಂತಪ್ಪ. "ಎತ್ತಿದ್ರೆ ಒಬ್ರ ಬದ್ಲು ಇಬ್ರು ಹೋಗ್ತಿದ್ವಿ."

"ನಾನೇ ಹೇಳ್ದೆ ಅಣ್ಣ. ನಂಬಲಿಲ್ಲ."

"ನಂಬದಿಲ್ಲ. ನಿಜ ಹೇಳಿದ ದಿನ ಎಲ್ಲ ಕೆಂಪು ಹತ್ತಿತ್ತು, ಸುಳ್ಳು ಹೇಳಿದ ದಿನ ಹಸಿರು ಹತ್ತಿತು. ಇನ್ನು ಯಾರನ್ನ ನಂಬ್ತಾರೆ?" ಎಂದು ಸೊಂಟದಿಂದ ಬೀಗದಕೈ ಬಿಚ್ಚಿ ಅವನ ಅಂಗೈಯಲ್ಲಿಟ್ಟ. ಮೂವತ್ತು ವರ್ಷ ಸೊಂಟಕ್ಕೆ ಉಜ್ಜಿ ಉಜ್ಜಿ ಅದು ನುಣ್ಣಗಾಗಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಗಂಟೆ ಸದ್ದು ಕೇಳಿತು. ಮಂಗಳವಾರವಲ್ಲವೇ, ಗಾಡಿಗಳು ಬಂದವು. ಒಂದರ ಹಿಂದೆ ಒಂದು ಬಂದು ಎಂದಿನ ಹಾಗೆ ಎಡಬದಿಗೆ ಸಾಲು ಹಿಡಿದು ನಿಂತವು. ಮುಂದಿನ ಗಾಡಿಯಿಂದ ಹುಲಿಯಪ್ಪ ಎಂಬ ಮುದುಕ ಇಳಿದು ಬೀಗವನ್ನು ನೋಡಿದ, ಬೀಗದಕೈ ಹಿಡಿದ ಈಶ್ವರನನ್ನು ನೋಡಿದ.

"ಬಾಗ್ಲು ತೆಗೀರಿ. ಬಿಸ್ಲು ಏರ್ತಾ ಅದೆ."

"ಗೋಡೌನ್ ಮುಚ್ಚಿದೆ ಯಜಮಾನ್ರೇ. ಇನ್ನು ಇಲ್ಲಿ ಖರೀದಿ ಇಲ್ಲ."

"ಯಾಕೆ? ನಾವು ಬೆಳೀತೀವಿ, ತತ್ತೀವಿ. ಏನು ಕಮ್ಮಿ ಮಾಡಿದ್ವಿ?"

ಈಶ್ವರನಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ನೀವು ಸೋಮವಾರ ಬರ್ಲಿಲ್ಲ" ಎಂದ.

ಹಿಂದಿನ ಗಾಡಿಯವನೊಬ್ಬ ತಮಾಷೆಯೆಂದು ತಿಳಿದು ನಕ್ಕ. ಹುಲಿಯಪ್ಪ ನಗಲಿಲ್ಲ. ಹನುಮಂತಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದ. "ಇವ್ರು ಯಾವ ಕಡೆಯವ್ರು?"

"ತಾಳಗುಂದದವ್ರು."

"ಹಂಗಾರೆ ಗೊತ್ತಿರಬೇಕಲ್ಲ" ಎಂದ ಹುಲಿಯಪ್ಪ. ಅಷ್ಟು ಹೇಳಿ ಗಾಡಿಯ ಮೂಕಿ ಹಿಡಿದು ತಿರುಗಿಸತೊಡಗಿದ.

ಬೀಗದಕೈ ಈಶ್ವರನ ಕೈಯಲ್ಲೇ ಇತ್ತು. ಬಾಗಿಲು ಎರಡು ಮಾರು ದೂರ. ಒಳಗೆ ಕಾಟಾ ಇತ್ತು, ಜಾಗ ಇತ್ತು, ಹೊರಗೆ ಭತ್ತ ಇತ್ತು. ಅವನು ಕದಲಲಿಲ್ಲ. ಹನುಮಂತಪ್ಪನೇ ಎದ್ದು ಬಾವಿಯಿಂದ ಕೊಡ ತುಂಬಿ ತಂದು, ಹುಲಿಯಪ್ಪನ ಎತ್ತುಗಳ ಮುಂದಿನ ಕಲ್ಲುಬಾನಿಗೆ ನೀರು ಹೊಯ್ದ. ದೂರದಿಂದ ಬಂದ ಎತ್ತುಗಳು ಮೂತಿ ಇಳಿಸಿ ಕುಡಿದವು. ಅವುಗಳ ಬೆನ್ನು ಸವರುತ್ತ, ಯಾರನ್ನೂ ನೋಡದೆ, "ಇವಕ್ಕೆ ವಾರಕ್ಕೊಂದು ಸೋಮವಾರ. ನಂಗೆ ಇನ್ನು ದಿನಾ ಸೋಮವಾರ" ಎಂದ.

ಆಮೇಲೆ ಎರಡನೆಯ ಗಾಡಿಯ ಎತ್ತಿಗೆ ನೀರು ತರಲು ಕೊಡ ಎತ್ತಿಕೊಂಡು ಬಾವಿಯ ಕಡೆಗೆ ಹೋದ.